ನಾಲ್ಕು ತಂತಿ ಸಾಕೆ?

ಬೇಸ್ ಗಿಟಾರ್ ನುಡಿಸುವವರು ಇಬ್ಬರು ಸೇರಿದರೆ ತಂತಿಯ ಲೆಕ್ಕ ಬಂದೇ ಬರುತ್ತದೆ. ನನ್ನದು ನಾಲ್ಕು ತಂತಿಯದು ಎಂದೊಡನೆ ಎದುರಿನವರ ಮುಖದಲ್ಲಿ ‘ಇನ್ನೂ ಅಲ್ಲೇ ಇದ್ದೀರಾ?’ ಎಂಬ ಭಾವ. ಐದು, ಆರು ತಂತಿಯ ವಾದ್ಯಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಈಗ, ನಾಲ್ಕು ತಂತಿಯದು ಕಲಿಯುವವರಿಗೆ ಮಾತ್ರ ಎಂದು ಹಲವರ ಎಣಿಕೆ. ನಾನು ಎರಡು ವರ್ಷ ಐದು ತಂತಿಯದನ್ನು ನುಡಿಸಿ, ಮತ್ತೆ ನಾಲ್ಕಕ್ಕೆ ಮರಳಿದವನು. ಇದು ಬರೀ ಹಳೆಯದರ ಮೋಹವೇ ಎಂಬ ಅನುಮಾನ ಕಾಡಿದ್ದರಿಂದ, ಈ ನಾಲ್ಕು ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದೆ.

1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಯಾರಿಸಿ ಮಾರುಕಟ್ಟೆಗೆ ತಂದರು. ಅದುವರೆಗೆ ಮಂದ್ರಸ್ವರದ ಹೊಣೆ ಡಬಲ್ ಬೇಸಿನದು. ಆಳೆತ್ತರಕ್ಕೂ ಮೀರಿದ ಆ ವಾದ್ಯವನ್ನು ಊರೂರಿಗೆ ಹೊತ್ತೊಯ್ಯುವುದೇ ಒಂದು ಪಾಡು; ಡ್ರಮ್ಸ್ ಮತ್ತು ವಿದ್ಯುತ್ ಗಿಟಾರಿನ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. ಫೆಂಡರ್ ಉದ್ದವನ್ನು ಇಳಿಸಿ, ತಂತಿಯ ನುಡಿಯುವ ಭಾಗವನ್ನು 34 ಇಂಚಿಗೆ ತಂದರು. ನಮ್ಮ ವೀಣೆಯ ಮೆಟ್ಟಿಲುಗಳಂತೆ ಫ್ರೆಟ್‌ಗಳನ್ನು ಕೂರಿಸಿದರು. ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ಸಿಗುವುದರಿಂದಲೇ ‘ಪ್ರಿಸಿಷನ್’ ಎಂಬ ಹೆಸರು. ತಂತಿಗಳು ಮಾತ್ರ ಡಬಲ್ ಬೇಸಿನವೇ: ಇ, ಎ, ಡಿ, ಜಿ.

ಹಾಗಾದರೆ ನಾಲ್ಕೇ ಮೂಲ ಎಂದು ಬೀಗುವಂತಿಲ್ಲ. 19ನೆಯ ಶತಮಾನದ ಇಟಲಿ, ಇಂಗ್ಲೆಂಡುಗಳಲ್ಲಿ ಮೂರು ತಂತಿಯ ಡಬಲ್ ಬೇಸ್‌ಗೇ ಹೆಚ್ಚು ಮನ್ನಣೆ. ಆ ವಾದ್ಯದ ದಿಗ್ಗಜರಾದ ಡ್ರಾಗೊನೆಟ್ಟಿ ಮತ್ತು ಬೊಟ್ಟೆಸಿನಿ ಇಬ್ಬರೂ ನುಡಿಸಿದ್ದು ಮೂರು ತಂತಿಯಲ್ಲಿ. ಮೂರು ತಂತಿಯ ದನಿಯೇ ಸ್ವಚ್ಛ ಎಂದು ಅಂದಿನವರು ವಾದಿಸುತ್ತಿದ್ದರು. ನಾನು ಇಂದು ಯಾವುದನ್ನು ‘ಸಾಕು’ ಎನ್ನುತ್ತೇನೋ, ಅದು ಅವರ ಕಿವಿಗೆ ‘ಹೆಚ್ಚು’! ಇದನ್ನು ತಿಳಿದ ಮೇಲೆ ಸಂಪ್ರದಾಯದ ಹೆಸರಿನಲ್ಲಿ ವಾದಿಸುವ ಧೈರ್ಯ ಉಳಿಯಲಿಲ್ಲ.

ಆರು ತಂತಿಯ ಪರವಾದ ಅತ್ಯಂತ ಗಟ್ಟಿ ವಾದ ಆಂಥನಿ ಜಾಕ್ಸನ್ ಅವರದು. ಬೇಸ್ ಗಿಟಾರ್ ಗಿಟಾರಿನ ಕುಲಕ್ಕೆ ಸೇರಿದ್ದು, ಹಾಗಾಗಿ ಮೊದಲಿನಿಂದಲೂ ಆರು ತಂತಿ ಇರಬೇಕಿತ್ತು. ಫೆಂಡರ್ ಡಬಲ್ ಬೇಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರಿಂದ ನಾಲ್ಕಾಯಿತು ಎನ್ನುತ್ತಿದ್ದರು. 1975ರಲ್ಲಿ ಕಾರ್ಲ್ ಥಾಮ್ಸನ್ ಅವರಿಂದ ಅಂಥದ್ದೊಂದು ವಾದ್ಯವನ್ನು ಮಾಡಿಸಿಕೊಂಡರು. ಮುಂದೆ 1980ರ ದಶಕದಲ್ಲಿ ಸಿಂಥಸೈಜರ್‌ಗಳು ಇ ತಂತಿಗಿಂತ ಕೆಳಗಿಳಿದು ಮೊಳಗತೊಡಗಿದಾಗ, ಬೇಸ್ ನುಡಿಸುವವರಿಗೂ ಕೆಳಗಿನ ಬಿ ತಂತಿ ಬೇಕಾಯಿತು. ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಬಿ ತಂತಿಯದು ಸುಮಾರು 31. ಆ ಆಳವನ್ನು ನಾಲ್ಕು ತಂತಿ ಕೊಡಲಾರದು, ಒಪ್ಪಲೇಬೇಕು.

ಆದರೂ ನನ್ನನ್ನು ಮರಳಿ ಕರೆದವರು ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಅವರು ನುಡಿಸಿದ್ದು ಹೆಚ್ಚಾಗಿ ಒಂದೇ ಪ್ರಿಸಿಷನ್ ಬೇಸಿನಲ್ಲಿ, ಬಲಗೈಯ ತೋರುಬೆರಳೊಂದರಲ್ಲಿ, ತುಂಡಾಗುವವರೆಗೆ ಬದಲಿಸದ ತಂತಿಗಳಲ್ಲಿ. ಜಗತ್ತು ಆ ಹಾಡುಗಳಿಗೆ ಕುಣಿಯಿತು, ಆದರೆ ಆಲ್ಬಮ್ಮುಗಳ ಮೇಲೆ ಅವರ ಹೆಸರು ವರ್ಷಗಟ್ಟಲೆ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತಮ್ಮ ಆಲ್ಬಮ್ಮಿನಲ್ಲಿ ಅದನ್ನು ಗೌರವದಿಂದ ಅಚ್ಚು ಹಾಕಿಸಿದರು. ಜೇಮರ್ಸನ್ ನುಡಿಸಿದ್ದನ್ನು ಕೇಳುವಾಗ ‘ಇನ್ನೊಂದು ತಂತಿ ಇದ್ದಿದ್ದರೆ’ ಎಂದು ಒಮ್ಮೆಯೂ ಅನ್ನಿಸಿಲ್ಲ. ಇನ್ನು ಜಾಕೊ ಪಾಸ್ಟೋರಿಯಸ್ ಫ್ರೆಟ್‌ಗಳನ್ನೇ ಕಿತ್ತ ನಾಲ್ಕು ತಂತಿಯ ಜಾಜ್ ಬೇಸಿನಲ್ಲಿ ವಾದ್ಯದ ಎಲ್ಲೆಯನ್ನೇ ಹಿಗ್ಗಿಸಿದರು.

ಐದು ತಂತಿಯಲ್ಲಿ ನನಗಾದದ್ದು ಇಷ್ಟು. ಕೈ ಸರಿಸದೆಯೇ ಬೇಕಾದ ಸ್ವರ ಸಿಕ್ಕಿತು. ನಾನು ಕೈ ಸರಿಸುವುದನ್ನೇ ಬಿಟ್ಟೆ. ನಾಲ್ಕರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುವಾಗ ಹುಟ್ಟುತ್ತಿದ್ದ ಆ ಎಳೆತ, ಉಸಿರು ಮಾಯವಾಯಿತು. ಹಾಡು ಕೊಂಚ ತೆರವು ಕೊಟ್ಟರೆ ಸಾಕು, ಕೆಳಗಿನ ಬಿ ತಂತಿಯನ್ನು ಮೊಳಗಿಸಿ ಆ ತೆರವನ್ನು ತುಂಬಿಬಿಡುತ್ತಿದ್ದೆ. ತಪ್ಪು ತಂತಿಯದಲ್ಲ, ನನ್ನ ಕೈಯದು. ಆದರೆ ಆ ಕೈಯನ್ನು ತಿದ್ದಿದ್ದು ನಾಲ್ಕು ತಂತಿ.

ತಂತಿ ಸೇರಿಸುವುದೇ ತಪ್ಪು ಎನ್ನಲು ಮೈಸೂರಿನ ಟಿ. ಚೌಡಯ್ಯನವರು ಬಿಡುವುದಿಲ್ಲ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ಪಿಟೀಲು ಕೇಳಲೆಂದು ಅವರು ಏಳು ತಂತಿ ಕಟ್ಟಿದರು. ಅಲ್ಲಿ ಅಗತ್ಯ ಮೊದಲು ಬಂತು, ತಂತಿ ಆಮೇಲೆ. ಜಾಕ್ಸನ್ ಅವರಿಗೂ ತಮ್ಮ ಅಗತ್ಯ ಏನೆಂದು ಗೊತ್ತಿತ್ತು. ನನಗಿದ್ದದ್ದು ಅಂಗಡಿಯಲ್ಲಿ ಹುಟ್ಟಿದ ಆಸೆ.

ಈಗ ಹಾಡು ಸ್ವಲ್ಪ ಕೆಳಗಿಳಿದರೆ ಇ ತಂತಿಯನ್ನೇ ಡಿಗೆ ಸಡಿಲಿಸಿಕೊಳ್ಳುತ್ತೇನೆ. ಅದಕ್ಕೂ ಕೆಳಗೆ ಹೋಗಲೇಬೇಕೆಂದರೆ ಗೆಳೆಯನ ಐದು ತಂತಿಯದನ್ನು ಎರವಲು ತರುತ್ತೇನೆ. ಕಳೆದ ವರ್ಷ ಹಾಗೆ ತಂದದ್ದು ಒಂದೇ ಸಲ.