ಪರದೆಮುದ್ರಣ, ಧ್ವನಿಸಹಿತ

ಗಣಕಯಂತ್ರದ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಮೂಡಿ ಮಾಯವಾಗತಕ್ಕ ದೃಶ್ಯವನ್ನೂ, ಆ ಯಂತ್ರದಿಂದ ಹೊರಡುವ ನಾದವನ್ನೂ, ಅದನ್ನು ನಡೆಸುವವರ ಮಾತನ್ನೂ ಕಾಲಕ್ರಮಕ್ಕೆ ಭಂಗಬಾರದಂತೆ ಒಂದೇ ಕಡತದಲ್ಲಿ ಹಿಡಿದಿಡುವ ವಿಧಾನ. ವ್ಯವಹಾರದಲ್ಲಿ ಇದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಎಂಬ ಹೆಸರೇ ರೂಢಿಯಾಗಿದೆ; ಧ್ವನಿಮುದ್ರಣ ಎಂಬ ಬಳಕೆಯ ಮಾತನ್ನು ಅನುಸರಿಸಿ ಪರದೆಮುದ್ರಣವೆನ್ನುವುದೂ ಉಚಿತವೇ. ಇದಕ್ಕೆ ಹೊರಗಣ ಕ್ಯಾಮೆರಾ ಬೇಕಿಲ್ಲ. ಪರದೆಗೆ ಹೋಗುವ ಚಿತ್ರವನ್ನು ತಂತ್ರಾಂಶವೊಂದು ಯಂತ್ರದ ಒಳಗೇ ಪ್ರತಿಮಾಡಿಕೊಳ್ಳುತ್ತದೆ. ಕಲಿಸುವುದು, ತಂತ್ರಾಂಶದ ದೋಷವನ್ನು ತೋರಿಸುವುದು, ದೂರದ ಸಭೆಯನ್ನು ದಾಖಲಿಸುವುದು ಇದರ ಮುಖ್ಯ ಪ್ರಯೋಜನಗಳು. ಇವುಗಳಲ್ಲಿ ಕಲಿಸುವುದೇ ಹಿರಿದು. ಗುಂಡಿ ಒತ್ತಿದುದನ್ನು ಚಿತ್ರ ತೋರಿಸಿದರೂ, ಏಕೆ ಒತ್ತಿದರೆಂಬುದನ್ನು ಹೇಳಬಲ್ಲದ್ದು ಧ್ವನಿಯೊಂದೇ ಆದುದರಿಂದ, ಕಲಿಕೆಯ ಮಟ್ಟಿಗೆ ಮೂಕವಾದ ಪರದೆಮುದ್ರಣವು ಅರ್ಧ ಪಾಠವೆಂದೇ ಭಾವಿಸತಕ್ಕದ್ದು.

ಚರಿತ್ರೆ: 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ವಿದ್ವತ್ಸಭೆಯೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ತಂತ್ರಜ್ಞನು ಸುಮಾರು 90 ನಿಮಿಷಗಳ ಕಾಲ ಮೌಸನ್ನು ಹಿಡಿದು ಗಣಕವನ್ನು ನಡೆಸುತ್ತ, ತಾನು ಮಾಡುತ್ತಿರುವುದನ್ನು ಬಾಯಿಮಾತಿನಲ್ಲಿ ವಿವರಿಸಿದನು. ಗಣಕವಿದ್ದದ್ದು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ; ಅಲ್ಲಿಯ ಪರದೆಯ ಮುಂದೆ ನಿಲ್ಲಿಸಿದ್ದ ಟೆಲಿವಿಷನ್ ಕ್ಯಾಮೆರಾದ ಚಿತ್ರವು ಮೈಕ್ರೋವೇವ್ ತರಂಗಗಳ ಮೂಲಕ ಸಭೆಗೆ ಬರುತ್ತಿತ್ತು. ಈ ಪ್ರದರ್ಶನದ ಚಲನಚಿತ್ರವು ಇಂದಿಗೂ ಉಳಿದಿದ್ದು, ಪರದೆಯೂ ಮಾತೂ ಜೊತೆಯಾಗಿ ದಾಖಲಾದುದಕ್ಕೆ ಪ್ರಾಚೀನ ನಿದರ್ಶನಗಳಲ್ಲೊಂದಾಗಿದೆ. ಕ್ಯಾಮೆರಾದ ಹಂಗಿಲ್ಲದೆ ಯಂತ್ರದೊಳಗೇ ಮುದ್ರಿಸಿಕೊಳ್ಳುವ ಲೋಟಸ್ ಸ್ಕ್ರೀನ್‌ಕ್ಯಾಮ್‌ನಂಥ ತಂತ್ರಾಂಶಗಳು ಬಂದದ್ದು 1990ರ ದಶಕದ ಮೊದಲ ಭಾಗದಲ್ಲಿ. 2004ರಲ್ಲಿ ಅಂಕಣಕಾರ ಜಾನ್ ಉಡೆಲ್ ಈ ಪ್ರಕಾರಕ್ಕೊಂದು ಹೆಸರನ್ನು ಸೂಚಿಸಿರೆಂದು ಓದುಗರನ್ನು ಕೇಳಲು, ಬಂದ ಸಲಹೆಗಳಲ್ಲಿ ಸ್ಕ್ರೀನ್‌ಕಾಸ್ಟ್ ಎಂಬುದು ನೆಲೆನಿಂತಿತು. 2012ರಲ್ಲಿ ಆರಂಭವಾದ ಓಬಿಎಸ್ ಎಂಬ ಮುಕ್ತ ತಂತ್ರಾಂಶವು ಈ ವಿದ್ಯೆಯನ್ನು ಎಲ್ಲರಿಗೂ ಉಚಿತವಾಗಿ ದೊರಕಿಸಿತು. ಬಳಿಕ 2017ರ ಐಓಎಸ್ 11ರಲ್ಲಿಯೂ 2020ರ ಆಂಡ್ರಾಯ್ಡ್ 11ರಲ್ಲಿಯೂ ಅಂತರ್ಗತವಾಗಿ, ಕಿಸೆಯಲ್ಲಿರುವ ಫೋನಿಗೂ ಇದು ಸಹಜವಾಯಿತು.

ಚಿತ್ರದ ಬಗೆ: ನವಲಗುಂದದ ಜಮಖಾನೆಯನ್ನು ನೇಯುವ ಹೆಂಗಳೆಯರು ನೂಲೆಳೆಗಳನ್ನು ಎಣಿಸೆಣಿಸಿ ನವಿಲನ್ನೂ ಚೌಕವನ್ನೂ ಮೂಡಿಸುವಂತೆ, ಪರದೆಯ ಚಿತ್ರವೂ ಎಣಿಕೆಗೆ ಸಿಗುವ ಬಣ್ಣದ ಚುಕ್ಕೆಗಳಿಂದ ಆದುದು. 1920 ಚುಕ್ಕೆಗಳ ಅಗಲ, 1080 ಚುಕ್ಕೆಗಳ ಎತ್ತರವುಳ್ಳ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳು. ಒಂದೊಂದಕ್ಕೂ 3 ಬೈಟುಗಳಂತೆ ಒಂದು ಚೌಕಟ್ಟಿಗೆ 62 ಲಕ್ಷಕ್ಕೂ ಮಿಕ್ಕು ಬೈಟುಗಳು. ಸೆಕೆಂಡಿಗೆ 30 ಚೌಕಟ್ಟುಗಳಾದರೆ 18 ಕೋಟಿ 66 ಲಕ್ಷ. ಇದನ್ನು ಇದ್ದಂತೆಯೇ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 11 ಗಿಗಾಬೈಟು ಬೇಕಾದೀತು. ಆದರೆ ಪರದೆಯ ಬಹುಭಾಗವು ಬಹುಕಾಲ ಅಲುಗದೆ ಇರುತ್ತದೆ. ಸರಿದಾಡುವುದು ಮೌಸಿನ ಬಾಣ, ಬದಲಾಗುವುದು ಒಂದೆರಡು ಅಕ್ಷರ. ಬದಲಾಗದ್ದನ್ನು ಮತ್ತೆ ಬರೆಯದೆ ಬದಲಾದುದನ್ನು ಮಾತ್ರ ಗುರುತಿಸುವುದು 2003ರಲ್ಲಿ ಸಿದ್ಧವಾದ ಎಚ್.264 ಮುಂತಾದ ಸಂಕೋಚನ ಕ್ರಮಗಳ ಮರ್ಮ. ಆದುದರಿಂದಲೇ ಸ್ಥಿರವಾದ ಪರದೆಯ ಹತ್ತು ನಿಮಿಷದ ಪಾಠವು ಹತ್ತಾರು ಮೆಗಾಬೈಟುಗಳಲ್ಲಿಯೇ ಅಡಗಿ, ಹಳ್ಳಿಯ ದುರ್ಬಲ ಜಾಲಸಂಪರ್ಕದಲ್ಲಿಯೂ ಸಾಗಬಲ್ಲುದು.

ಧ್ವನಿಯ ಬಗೆ: ಧ್ವನಿಗೆ ಎರಡು ಮೂಲಗಳುಂಟು. ಒಂದು, ಮೈಕಿನಿಂದ ಬರುವ ಮಾತು. ಮತ್ತೊಂದು, ಯಂತ್ರವೇ ನುಡಿಸುವ ನಾದ. ಎರಡೂ ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆಯಲ್ಪಟ್ಟು ಅಂಕಿಗಳಾಗುತ್ತವೆ. ಮಾತನ್ನು ಹಿಡಿಯುವುದು ಸುಲಭ. ಯಂತ್ರದ ಅಂತರ್ನಾದವನ್ನು ಹಿಡಿಯುವುದರಲ್ಲಿಯೇ ಹೊಸಬರು ಎಡವುತ್ತಾರೆ. ಸ್ಪೀಕರಿನಿಂದ ಹೊರಟು ಕೋಣೆಯನ್ನು ಸುತ್ತಿ ಮೈಕಿಗೆ ಮರಳಿದ ನಾದವು ಮಸುಕಾಗುವುದರಿಂದ ಅದನ್ನು ಒಳದಾರಿಯಿಂದಲೇ ಪಡೆಯಬೇಕು. ವಿಂಡೋಸಿನಲ್ಲಿ ಇದಕ್ಕೆ ಲೂಪ್‌ಬ್ಯಾಕ್ ಎಂಬ ಮಾರ್ಗವಿದೆ. ಲಿನಕ್ಸಿನಲ್ಲಿ ಧ್ವನಿ ಹೊರಡುವ ಪ್ರತಿಯೊಂದು ದಾರಿಗೂ ಮಾನಿಟರ್ ಎಂಬ ಜೋಡಿ ಇರುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಬಹುಕಾಲ ಬ್ಲ್ಯಾಕ್‌ಹೋಲ್‌ನಂಥ ಕಲ್ಪಿತ ಧ್ವನಿಸಾಧನವನ್ನು ಸ್ಥಾಪಿಸಿಕೊಳ್ಳಬೇಕಾಗಿತ್ತು. ಆಂಡ್ರಾಯ್ಡ್‌ನಲ್ಲಿ 2019ರ ಹತ್ತನೆಯ ಆವೃತ್ತಿಯಿಂದ, ನಾದವನ್ನು ನುಡಿಸುವ ಆ್ಯಪ್ ತಡೆಯದಿದ್ದ ಪಕ್ಷದಲ್ಲಿ, ಇದಕ್ಕೆ ಅವಕಾಶ ದೊರೆಯಿತು. ಮಾತನ್ನೂ ನಾದವನ್ನೂ ಎರಡು ಪ್ರತ್ಯೇಕ ಪಥಗಳಲ್ಲಿ ಮುದ್ರಿಸುವುದು ಲೇಸು. ಒಂದು ಕೆಟ್ಟರೆ ಇನ್ನೊಂದು ಉಳಿದೀತು.

ಚಿತ್ರ ಮತ್ತು ಧ್ವನಿಗಳ ಹೊಂದಾಣಿಕೆ ಸೂಕ್ಷ್ಮವಾದುದು. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೂ, ಸುಮಾರು 125 ಮಿಲಿಸೆಕೆಂಡು ಹಿಂದಾದರೂ ನೋಡುವವರಿಗೆ ಗೊತ್ತಾಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಹಿಂದುಳಿದ ಧ್ವನಿಯನ್ನು ನಾವು ಹೆಚ್ಚು ಸಹಿಸುವುದು ಪ್ರಾಯಃ ಲೋಕಾನುಭವದಿಂದ. ನವಲಗುಂದ ಸೀಮೆಯ ಬೆಣ್ಣೆಹಳ್ಳದ ಆಚೆದಡದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ತಗಲಿದ್ದು ಮೊದಲು ಕಾಣುತ್ತದೆ, ಸಪ್ಪಳ ಆಮೇಲೆ ಬರುತ್ತದೆ. ಇದಕ್ಕೆ ವಿಪರೀತವಾದುದನ್ನು ಯಾರೂ ಕಂಡಿಲ್ಲ. ಮುದ್ರಣದ ಮೊದಲಲ್ಲಿ ಒಮ್ಮೆ ಕ್ಲಿಕ್ ಮಾಡಿ ಅದೇ ಕ್ಷಣದಲ್ಲಿ ಚಪ್ಪಾಳೆಯೊಂದನ್ನು ತಟ್ಟಿಟ್ಟರೆ, ಬಳಿಕ ಎರಡನ್ನೂ ಹೊಂದಿಸುವುದು ಸುಲಭ.

ಕನ್ನಡದಲ್ಲಿ: ಕನ್ನಡ ಕಲಿಕೆಗೆ ಈ ವಿದ್ಯೆಯನ್ನು ವ್ಯವಸ್ಥಿತವಾಗಿ ಬಳಸಿದ ಉದ್ಯಮಗಳಲ್ಲಿ ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಪ್ರಧಾನವಾದುದು. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ, ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದ ನೆರವಿನಿಂದ ಬೆಳೆದ ಈ ಯೋಜನೆಯು ಲಿಬ್ರೆಆಫೀಸ್, ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ಹತ್ತು ನಿಮಿಷಗಳ ಪಾಠಗಳಲ್ಲಿ ಕಲಿಸುತ್ತದೆ. ಮೊದಲು ಎರಡು ಅಂಕಣಗಳ ಬರಹ ಸಿದ್ಧವಾಗುತ್ತದೆ: ಒಂದರಲ್ಲಿ ಪರದೆಯ ಮೇಲೆ ಆಗಬೇಕಾದುದು, ಇನ್ನೊಂದರಲ್ಲಿ ಆಡಬೇಕಾದ ಮಾತು. ವಿಷಯವನ್ನರಿಯದ ಹೊಸಬರೊಬ್ಬರು ಅದನ್ನು ಅನುಸರಿಸಿ ಕೆಲಸ ಮಾಡಬಲ್ಲರೇ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ಮುದ್ರಣ. ಅನಂತರ ಆ ಬರಹವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಗೊಂಡು ಧ್ವನಿ ಮಾತ್ರ ಬದಲಾಗುತ್ತದೆ. ಪರದೆ ಇಂಗ್ಲಿಷಿನದೇ ಆಗಿ ಉಳಿಯುತ್ತದೆ. ಉದ್ಯೋಗದಲ್ಲಿ ಎದುರಾಗುವ ಪರದೆಯು ಇಂಗ್ಲಿಷಿನಲ್ಲಿರುವುದರಿಂದ ಕಣ್ಣು ಅದಕ್ಕೆ ಪಳಗಲಿ, ಆದರೆ ತಿಳಿವು ತಾಯಿನುಡಿಯಿಂದ ಬರಲಿ ಎಂಬುದು ಇದರ ತಾತ್ಪರ್ಯ. ಕನ್ನಡ ಧ್ವನಿ ನೀಡುವವರ ಶ್ರಮ ಸಣ್ಣದಲ್ಲ. ಇಂಗ್ಲಿಷಿನ ಚಿಕ್ಕ ವಾಕ್ಯವು ಕನ್ನಡದಲ್ಲಿ ಉದ್ದವಾದಾಗ ಮಾತನ್ನು ಬಿಗಿಗೊಳಿಸಬೇಕು, ಇಲ್ಲವೆ ಚಿತ್ರವನ್ನು ಒಂದೆರಡು ಸೆಕೆಂಡು ತಡೆದು ನಿಲ್ಲಿಸಬೇಕು.

ಒಂದು ಉದಾಹರಣೆ: ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣೆಹಳ್ಳದ ಬಳಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಚಾಂಗದೇವ ರಾಜಾಬಾಗಸವಾರನ ಕ್ಷೇತ್ರವಾದ ಯಮನೂರಿನ ಒಬ್ಬ ರೈತರಿಗೆ ತಮ್ಮ ಪಹಣಿಯನ್ನು ಫೋನಿನಲ್ಲಿ ನೋಡಿಕೊಳ್ಳುವ ಕ್ರಮವನ್ನು ತಿಳಿಸಬೇಕಾಗಿದೆಯೆನ್ನೋಣ. ಜಮೀನಿನ ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದ್ದರೂ, ಅವನ್ನು ತೆರೆಯುವ ದಾರಿಯಲ್ಲಿ ಮೆಟ್ಟಿಲುಗಳು ಹಲವು. ಪಟ್ಟಿಯಿಂದ ಧಾರವಾಡ ಜಿಲ್ಲೆ, ನವಲಗುಂದ ತಾಲ್ಲೂಕು, ಹೋಬಳಿ, ಯಮನೂರು ಗ್ರಾಮ ಎಂದು ಒಂದೊಂದಾಗಿ ಆರಿಸಬೇಕು. ಸರ್ವೆ ನಂಬರನ್ನು ಬರೆಯಬೇಕು. ಆಮೇಲೆ ಆ ನಂಬರಿನ ಒಳಗುರುತುಗಳಾದ ಸರ್‌ನೋಕ್, ಹಿಸ್ಸಾ. ಮುಂದಿನ ಪಟ್ಟಿ ತುಂಬುವ ಮೊದಲೇ ಬೆರಳು ಒತ್ತಿದರೆ ಪುಟ ಬರಿದಾಗಿಯೇ ನಿಲ್ಲುತ್ತದೆ. ಮೂಕಚಿತ್ರವು ಈ ಎಲ್ಲವನ್ನೂ ತೋರಿಸೀತು, ಆದರೆ “ಇಲ್ಲಿ ಸ್ವಲ್ಪ ತಡೀರಿ, ಪಟ್ಟಿ ಬರೂತನಕ ಏನೂ ಒತ್ತಬ್ಯಾಡ್ರಿ, ಹಿಸ್ಸಾ ಅಂದ್ರ ನಿಮ್ಮ ಹೊಲದ ಪಾಲು” ಎಂದು ಆ ಸೀಮೆಯ ನುಡಿಯಲ್ಲಿ ಹೇಳುವ ದನಿಯೊಂದು ಕೂಡಿದಾಗ ಮಾತ್ರ ಅದು ಪಾಠವಾಗುತ್ತದೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳೆದ ಈ ನಾಡಿನ ಜನಕ್ಕೆ ಕಿವಿಯಿಂದ ಕಲಿಯುವುದು ಹೊಸತಲ್ಲ.

ಇಂಥ ಪಾಠವನ್ನು ಮುದ್ರಿಸುವವರು ಫ್ಯಾನನ್ನು ನಿಲ್ಲಿಸಿ, ಬಾಗಿಲಿಕ್ಕಿ, ನೆಲಕ್ಕೊಂದು ಜಮಖಾನೆಯನ್ನು ಹಾಸಿ, ಬಾಯಿಂದ ಒಂದು ಗೇಣಿನಷ್ಟು ದೂರದಲ್ಲಿ ಮೈಕನ್ನಿಟ್ಟುಕೊಂಡರೆ ಪ್ರತಿಧ್ವನಿ ಬಹಳಷ್ಟು ಅಡಗುತ್ತದೆ. ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳಬೇಕು. ಮೌಸನ್ನು ನಿಧಾನವಾಗಿ ಸರಿಸಬೇಕು. ಮೊದಲು ಹೇಳಿ ಆಮೇಲೆ ಒತ್ತಬೇಕು. ಒಂದು ನಿಮಿಷ ಮುದ್ರಿಸಿ ಕೇಳಿನೋಡದೆ ಇಡೀ ಪಾಠಕ್ಕೆ ಕೈಹಾಕಬಾರದು.

ಎಚ್ಚರಿಕೆಗಳು: ಪರದೆಯು ತನ್ನ ಮೇಲೆ ಬಂದುದೆಲ್ಲವನ್ನೂ ಒಪ್ಪಿಸಿಬಿಡುತ್ತದೆ. ಮುದ್ರಣದ ನಡುವೆ ಇಣುಕುವ ಒಟಿಪಿ, ಆಧಾರ್ ಸಂಖ್ಯೆ, ಬ್ಯಾಂಕಿನ ಸಂದೇಶಗಳು ಪಾಠದೊಡನೆ ಊರೂರು ಸುತ್ತುವ ಅಪಾಯವಿರುವುದರಿಂದ ಸೂಚನೆಗಳನ್ನು ಮೊದಲೇ ಮುಚ್ಚಿಡಬೇಕು. ಬ್ಯಾಂಕುಗಳ ಆ್ಯಪ್‌ಗಳೂ ರಕ್ಷಿತ ಚಲನಚಿತ್ರಗಳೂ ಅನೇಕ ವೇಳೆ ಮುದ್ರಣದಲ್ಲಿ ಕಪ್ಪಾಗಿ ಕಾಣುವುದು ದೋಷದಿಂದಲ್ಲ, ಉದ್ದೇಶಪೂರ್ವಕವಾದ ತಡೆಯಿಂದ. ಸಭೆಯನ್ನು ಮುದ್ರಿಸುವ ಮುನ್ನ ಅದರಲ್ಲಿರುವವರ ಅನುಮತಿ ಪಡೆಯುವುದು ಧರ್ಮ. ಅನ್ಯರ ಕೃತಿಯನ್ನು ಮುದ್ರಿಸಿ ಹಂಚುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆ ಅನ್ವಯಿಸುತ್ತದೆ.

ಸ್ಥಾನ: ಎದುರಿಗೆ ಕೂಡಿಸಿಕೊಂಡು ಕಲಿಸುವ ಗುರುವಿನ ಸ್ಥಾನವನ್ನು ಈ ಮುದ್ರಣವು ತುಂಬಲಾರದು; ಕಲಿಯುವವರ ಮುಖ ಬಾಡಿದ್ದನ್ನು ಅದು ಕಾಣದು. ಆದರೆ ಪಹಣಿಯ ಪುಟವು ಮೂರನೆಯ ಸಲವೂ ಬರಿದಾಗಿ ನಿಂತಾಗ, ಮತ್ತೊಬ್ಬರನ್ನು ಕೇಳಲು ಸಂಕೋಚಪಡುವ ಮುದುಕರೊಬ್ಬರು ಬೆರಳಿನಿಂದ ಪಾಠವನ್ನು ಹಿಂದಕ್ಕೆ ಸರಿಸಿದರೆ, ಅದೇ ದನಿ ಅದೇ ತಾಳ್ಮೆಯಿಂದ “ಇಲ್ಲಿ ಸ್ವಲ್ಪ ತಡೀರಿ” ಎಂದು ನಾಲ್ಕನೆಯ ಸಲವೂ ಹೇಳುತ್ತದೆ.