ಬೆಂಗಳೂರಿನಲ್ಲಿ ಭೌತಶಾಸ್ತ್ರದ ಪದವಿ ವ್ಯಾಸಂಗ

ಬೆಂಗಳೂರಿನಲ್ಲಿ ಭೌತಶಾಸ್ತ್ರದ ಪದವಿ ವ್ಯಾಸಂಗ ಬೇರೂರಿದ್ದು ಸೆಂಟ್ರಲ್ ಕಾಲೇಜಿನಲ್ಲಿ. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಈ ಹೆಸರು ಪಡೆದ ಸಂಸ್ಥೆಯು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುದರಿಂದ, ಪಠ್ಯಕ್ರಮವೂ ಪರೀಕ್ಷೆಯೂ ಅಲ್ಲಿಂದಲೇ ನಿರ್ಧಾರವಾಗುತ್ತಿದ್ದವು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದಾಗ, ತರಗತಿಯಲ್ಲಿ ಕಲಿತದ್ದನ್ನು ಮನೆಮಾತಿನಲ್ಲಿ ಹೇಳುವ ದಾರಿಯೊಂದು ತೆರೆಯಿತು.

ಆದರೆ ಭಾಷೆ ಯಾವುದಾದರೂ, ಈ ಶಾಸ್ತ್ರ ವಿದ್ಯಾರ್ಥಿಗೆ ಸ್ವಂತವಾಗುವುದು ಪ್ರಯೋಗಶಾಲೆಯಲ್ಲಿ. ಪದವಿ ತರಗತಿಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ರೋಹಿತಮಾಪಕದ, ಎಂದರೆ ಬೆಳಕು ಬಾಗುವ ಕೋನವನ್ನು ಅಳೆಯುವ ಉಪಕರಣದ, ಪ್ರಯೋಗವೇ ಇದಕ್ಕೆ ನಿದರ್ಶನ. ಕತ್ತಲ ಕೋಣೆಯಲ್ಲಿ ಸೋಡಿಯಂನ ಹಳದಿ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಪಟ್ಟಕವನ್ನಿಟ್ಟ ಪೀಠವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ, ದೂರದರ್ಶಕದಲ್ಲಿ ಕಾಣುವ ಹಳದಿ ಗೆರೆ ಒಂದು ದಿಕ್ಕಿಗೆ ಸರಿದು, ಒಂದು ಕ್ಷಣ ನಿಂತು, ಪೀಠ ಅದೇ ದಿಕ್ಕಿಗೆ ತಿರುಗುತ್ತಿದ್ದರೂ ತಾನು ಹಿಂದಿರುಗುತ್ತದೆ. ಆ ನಿಲುಗಡೆಯ ಕೋನವೇ ಕನಿಷ್ಠ ವಿಚಲನೆ, ಅಂದರೆ ಬೆಳಕು ಅತ್ಯಂತ ಕಡಿಮೆ ಬಾಗುವ ಸ್ಥಿತಿ. ಗೆರೆ ಎಲ್ಲಿ ನಿಂತಿತೆಂಬುದನ್ನು ಪುಸ್ತಕ ಹೇಳಲಾರದು, ವಿದ್ಯಾರ್ಥಿಯ ಕಣ್ಣೇ ಕಂಡು, ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯಲ್ಲಿ ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೂ ಓದಬೇಕು.

ಕೇಳಿದ್ದನ್ನು ನಂಬದೆ ಕಂಡು ಅಳೆಯುವ ಈ ಶಿಸ್ತನ್ನು ಪ್ರಯೋಗಶಾಲೆಯ ಹೊರಗೂ ವಿಸ್ತರಿಸಿದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಜನಿಸಿ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದ ಅವರು, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಆಗಷ್ಟೇ ತಲೆಯೆತ್ತಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ 1946ರಲ್ಲಿ ಅಧ್ಯಾಪಕರಾಗಿ ಸೇರಿದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಅದೇ ಕಾಲೇಜಿಗೆ ಮರಳಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಿಜ್ಞಾನದ ಉಪನ್ಯಾಸಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಅವರ ಆಸ್ಥೆಯಿಂದ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕಾಲೇಜುಗಳು ಬಾಗೇಪಲ್ಲಿಗೂ ಗೌರಿಬಿದನೂರಿಗೂ ತಲುಪಿದವು; ವಿದ್ಯೆಯನ್ನು ಅರಸಿ ಒಬ್ಬ ಹುಡುಗ ನಡೆದುಬಂದಿದ್ದ ದಾರಿಯಲ್ಲೇ ವಿದ್ಯೆ ಅವನ ತಾಲ್ಲೂಕಿಗೆ ಮರಳಿತು.