ರಂಗನೆಲದಲ್ಲಿ ಮರದ ಚಿತ್ರಣ

ನಾಟಕ, ಅಪೆರಾ, ನೃತ್ಯ ಮೊದಲಾದ ಪ್ರಯೋಗಗಳಿಗಾಗಿ ರಂಗದ ನೆಲವನ್ನು ಮರದ ಹಲಗೆ ಹಾಸಿದಂತೆ ಕಾಣುವ ಹಾಗೆ ಬಣ್ಣದಲ್ಲಿ ಮೂಡಿಸುವ ವಿಧಾನ. ರಂಗಸಜ್ಜಿಕೆಯ ಚಿತ್ರಕಾರರು ಇದನ್ನು ಮಾಡುತ್ತಾರೆ. ನಿಜವಾದ ಓಕ್ ಅಥವಾ ತೇಗದ ಹಾಸು ದುಬಾರಿ, ಭಾರ. ಸರಿಯಾಗಿ ಕೂರದಿದ್ದರೆ ನಟರು ಹೆಜ್ಜೆಯಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ನಾಟಕದ ಅರಮನೆಯ ನೆಲ ಮುಂದಿನ ನಾಟಕಕ್ಕೆ ಬೀದಿಯಾಗಬೇಕಾಗಬಹುದು.

ಅಗ್ಗದ ಮರದ ಮೇಲೆ ಬೆಲೆಬಾಳುವ ಮರದ ಎಳೆಗಳನ್ನು ಚಿತ್ರಿಸುವ ಕಸುಬು 19ನೆಯ ಶತಮಾನದ ಬ್ರಿಟನ್ನಿನ ಮನೆಗಳಲ್ಲಿ ಬಹಳ ಬಳಕೆಯಲ್ಲಿತ್ತು. ಅದರಲ್ಲಿ ಹೆಸರಾದ ಥಾಮಸ್ ಕರ್ಷಾ 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಹುಮಾನ ಪಡೆದ. ಅವನ ಫಲಕಗಳು ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿವೆ. ಅಂಥ ಕೆಲಸ ತೀರ ಹತ್ತಿರದಿಂದ ನೋಡಿದರೂ ನಿಲ್ಲಬೇಕಿತ್ತು. ರಂಗದ ನೆಲದ ಲೆಕ್ಕ ಬೇರೆ: ಮುಂದಿನ ಸಾಲಿನವರಿಗೆ ಅದು ಕಾಣುವುದೇ ಅಷ್ಟಿಷ್ಟು, ಬಾಲ್ಕನಿಯವರಿಗಾದರೋ ಪೂರ್ತಿ ಕಾಣುತ್ತದೆ, ಆದರೆ ದೂರದಿಂದ. ಆದ್ದರಿಂದ ನವಿರು ಗೆರೆಗಳಿಗೆ ಇಲ್ಲಿ ಬೆಲೆ ಕಡಿಮೆ. ಹಲಗೆಯಿಂದ ಹಲಗೆಗೆ ಬಣ್ಣ ಬದಲಾಗುವುದೇ ಕಣ್ಣನ್ನು ನಂಬಿಸುತ್ತದೆ.

ಚಿತ್ರಿಸುವುದು ಸಾಮಾನ್ಯವಾಗಿ ಹಾರ್ಡ್‌ಬೋರ್ಡ್ ಅಥವಾ ಪ್ಲೈವುಡ್ ಹಾಳೆಗಳ ಮೇಲೆ. ಅಮೆರಿಕದ ರಂಗಮಂದಿರಗಳಲ್ಲಿ ಹಾರ್ಡ್‌ಬೋರ್ಡಿಗೆ 'ಮೇಸನೈಟ್' ಎಂದೇ ಹೆಸರು. 1920ರ ದಶಕದಲ್ಲಿ ಅದನ್ನು ರೂಪಿಸಿದ ವಿಲಿಯಂ ಮೇಸನ್‌ನಿಂದ ಆ ಹೆಸರು ಬಂದದ್ದು. ಪ್ರೈಮರ್ ಒಣಗಿದ ಮೇಲೆ ಮರದ ಅತ್ಯಂತ ತಿಳಿಯಾದ ಛಾಯೆಯನ್ನು ತಳಬಣ್ಣವಾಗಿ ಬಳಿದು, ಬಣ್ಣದ ಪುಡಿ ಹಚ್ಚಿದ ದಾರ ಮೀಟಿ ಹಲಗೆಗಳ ಅಂಚು ಗುರುತಿಸುತ್ತಾರೆ. ಹಲಗೆಗಳ ತುದಿಯ ಜೋಡಣೆಗಳು ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ನೇರಕ್ಕೆ ಬರಕೂಡದು. ಹಲಗೆಗಳು ಅಡ್ಡವಾಗಿ ಹರಿದರೆ ರಂಗ ಅಗಲವಾಗಿಯೂ, ಪ್ರೇಕ್ಷಕರಿಂದ ಹಿನ್ನೆಲೆಯತ್ತ ಸಾಗಿದರೆ ಆಳವಾಗಿಯೂ ತೋರುತ್ತದೆ.

ಅನಂತರ ತೆಳುವಾದ ಕಂದು ಗ್ಲೇಜ್, ಅಂದರೆ ತಳಬಣ್ಣ ಕಾಣಿಸುವಂಥ ಪಾರದರ್ಶಕ ಬಣ್ಣ. ಉದ್ದನೆಯ ಬಿದಿರು ಕೋಲಿಗೆ ಸಿಕ್ಕಿಸಿದ ಬ್ರಷ್ಷಿನಿಂದ ನಿಂತೇ, ಹಲಗೆಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆಯುತ್ತಾರೆ. ಬಣ್ಣ ಹಸಿಯಾಗಿರುವಾಗಲೇ ಒಣ ಬ್ರಷ್ ಅಥವಾ ಹಲ್ಲುಳ್ಳ ರಬ್ಬರ್ ಬಾಚಣಿಗೆ ಹಾಯಿಸಿದರೆ ಎಳೆಗಳು ಬಿಡಿಸಿಕೊಳ್ಳುತ್ತವೆ. ಎಳೆಗಳ ಕಮಾನು ಆಕಾರಗಳಿಗೂ ಗಂಟುಗಳಿಗೂ ತೂಗಿಸಿ ಎಳೆಯುವ ಬಾಗಿದ ರಬ್ಬರ್ ಉಪಕರಣವೊಂದಿದೆ. ಹೊಸಬರು ಅದನ್ನು ಪ್ರತಿ ಹಲಗೆಗೂ ಹಾಯಿಸಿಬಿಡುತ್ತಾರೆ. ಒಂದೇ ಗಂಟು ಮತ್ತೆ ಮತ್ತೆ ಎದುರಾದರೆ ಬಾಲ್ಕನಿಯವರಿಗೂ ಗುಟ್ಟು ತಿಳಿಯುತ್ತದೆ. ಹೆಚ್ಚಿನ ಹಲಗೆಗಳಿಗೆ ನೇರ ಎಳೆಗಳೇ ಸಾಕು, ಗಂಟು ಅಪರೂಪಕ್ಕಿರಲಿ. ಕೆಲವು ಹಲಗೆಗಳ ಮೇಲೆ ಇನ್ನೊಂದು ಪದರ ಗ್ಲೇಜ್ ಹರಿಸಿ ಗಾಢವಾಗಿಸಿ, ಸಂದುಗಳಿಗೆ ಕಡುಗಂದು ಗೆರೆಯನ್ನೂ ಬೆಳಕು ತಾಗುವ ಅಂಚಿಗೆ ತಿಳಿಗೆರೆಯನ್ನೂ ಎಳೆದರೆ ಹಲಗೆಗಳು ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತವೆ.

ಕಂದು ಬಣ್ಣ ನೀಲಿ ಬೆಳಕಿನಡಿ ಕಪ್ಪಿಗೆ ತಿರುಗುವುದರಿಂದ, ಒಂದು ಮಾದರಿ ತುಂಡನ್ನು ಪ್ರಯೋಗದ ದೀಪಗಳಲ್ಲೇ ನೋಡಿಕೊಳ್ಳುವುದು ಮೇಲು. ಕೊನೆಯಲ್ಲಿ ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ವಾರ್ನಿಷ್ ಬಳಿಯದಿದ್ದರೆ ಬಣ್ಣ ಕಾಲಡಿಯಲ್ಲಿ ಸವೆಯುತ್ತದೆ. ಹೊಳಪಿನ ವಾರ್ನಿಷ್ ದೀಪಗಳನ್ನು ಕನ್ನಡಿಯಂತೆ ಹಿಂದಿರುಗಿಸುವುದರಿಂದ ಮಂದ ಹೊಳಪಿನದನ್ನೇ ಆರಿಸುತ್ತಾರೆ. ಜಾರಿಕೆಯನ್ನು ನಟರೂ ನರ್ತಕರೂ ತಾವು ತೊಡುವ ಪಾದರಕ್ಷೆಯಲ್ಲೇ, ಬರಿಗಾಲಿನ ನೃತ್ಯವಾದರೆ ಬರಿಗಾಲಿನಲ್ಲೇ, ಪರೀಕ್ಷಿಸಬೇಕು. ಇಳಿಜಾರು ರಂಗವಾದರಂತೂ ಇದನ್ನು ಬಿಡುವಂತಿಲ್ಲ.